ಎಡಗಿವಿಯ ಗುಸುಗುಸು

ಹೆಡ್‌ಫೋನಿನ ಎಡಗಡೆ ಏನೋ ಗುಸುಗುಸು ಅನ್ನುತ್ತಿದೆ ಎಂದು ಕ್ರಾಂತಿಕುಮಾರ ಮೊದಲ ಸಲ ಹೇಳಿದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೆಯ ಸಲ ಹೇಳಿದಾಗ ತಂಗಿ ಸಂಘಮಿತ್ರಾ, ‘ಪರೀಕ್ಷಿ ಹತ್ರ ಬಂದ್ರ ನಿನಗ ಏನಾರ ಒಂದು ಕೇಳಸ್ತೈತಿ ಬಿಡಣ್ಣ’ ಅಂದಳು. ಮೂರನೆಯ ಸಲ ಅವನು ಹೆಡ್‌ಫೋನು ಕಿತ್ತು ಒಗೆದ. ಆಗ ಮನೆಯೇ ಎದ್ದು ಕೂತಿತು. ಕ್ರಾಂತಿಕುಮಾರ ಸಾಮಾನು ಒಗೆಯುವ ಪೈಕಿಯಲ್ಲ. ಕಣ್ಣು ಕಾಣದವನು ಸಿಟ್ಟಿನಲ್ಲಿ ಒಗೆದರೆ, ಸಿಟ್ಟು ಇಳಿದ ಮೇಲೆ ನೆಲ ತಡಕಾಡಿ ಹುಡುಕಬೇಕಾದವನೂ ತಾನೇ ಅಲ್ಲವೇ?

ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಪಿಯುಸಿಯ ಉಳಿದೆಲ್ಲ ವಿಷಯ ಮುಗಿದಿದ್ದವು, ಇತಿಹಾಸ ಒಂದು ಮಾತ್ರ ಹಟ ಹಿಡಿದು ಕೂತಿತ್ತು. ಎರಡು ಸಲ ಪರೀಕ್ಷೆಗೆ ಕೂತು ಎರಡು ಸಲವೂ ಮಕಾಡೆ ಬಿದ್ದಿದ್ದ. ಅಪ್ಪ ನಾಗೇಂದ್ರಪ್ಪ ಹಗರಿಬೊಮ್ಮನಹಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ಜವಾನ. ಕಣ್ಣು ಕಾಣದವರಿಗೆಂದೇ ಮೀಸಲಾದ ಟೆಲಿಫೋನ್ ಆಪರೇಟರ್ ಜಾಗವೊಂದು ಬಳ್ಳಾರಿಯಲ್ಲಿ ಖಾಲಿ ಇದೆ, ಪಿಯುಸಿ ಪಾಸಾಗಿರಬೇಕು ಅಷ್ಟೇ ಎಂಬ ಸುದ್ದಿಯನ್ನು ಅವನೇ ಹೊತ್ತು ತಂದಿದ್ದ. ಈ ಮಾರ್ಚಿನಲ್ಲಿ ಇತಿಹಾಸ ದಾಟಿದರೆ ನೌಕರಿ. ದಾಟದಿದ್ದರೆ ಇನ್ನಾರೋ ಆ ಕುರ್ಚಿಯಲ್ಲಿ ಕೂತು ‘ಹಲೋ’ ಅನ್ನುತ್ತಾರೆ, ಕ್ರಾಂತಿಕುಮಾರ ಮನೆಯ ಕಟ್ಟೆಯ ಮೇಲೆ ಕೂತು ಹೋಗಿ ಬರುವ ಬಸ್ಸುಗಳ ಹಾರ್ನು ಕೇಳುತ್ತಾನೆ.

ಹಿಂದಿನ ಎರಡು ಸಲ ಗೆಳೆಯರ ಮನೆಮನೆಗೆ ಹೋಗಿ ‘ಒಂಚೂರು ಓದಪಾ’ ಎಂದು ಬೇಡಿಕೊಂಡು ಪಾಠ ಕೇಳಿದ್ದ. ಗೆಳೆಯರೇನು, ಅರ್ಧ ಓದುತ್ತಿದ್ದರು, ಅರ್ಧ ಆಕಳಿಸುತ್ತಿದ್ದರು. ಈ ಸಲ ಸಂಘಮಿತ್ರಾ ಟೊಂಕ ಕಟ್ಟಿ ನಿಂತಳು. ಮನೆಯಲ್ಲಿ ಎರಡು ಸ್ಪೀಕರಿನ, ಎರಡು ಮೈಕಿನ ಟೇಪ್ ರೆಕಾರ್ಡರ್ ಇತ್ತು. ಹರಪನಹಳ್ಳಿಯ ಸೋದರಮಾವ ಒಂದು ವಾಕ್‌ಮನ್ ಕೊಟ್ಟಿದ್ದ. ಅವಳು ಪಾಠ ಓದಿ ಕ್ಯಾಸೆಟ್ಟಿಗೆ ತುಂಬುವುದು, ಅಣ್ಣ ಅದನ್ನು ವಾಕ್‌ಮನ್ನಿನಲ್ಲಿ ಕೇಳಿ ಬಾಯಿಪಾಠ ಮಾಡುವುದು. ಹೊಸ ಕ್ಯಾಸೆಟ್ ತರುವವರು ಯಾರು? ಮನೆಯಲ್ಲಿದ್ದ ಹಾಡಿನ ಕ್ಯಾಸೆಟ್ಟುಗಳ ಮೂಲೆಯ ತೂತಿಗೆ ಕಾಗದ ತುರುಕಿ, ಹಾಡಿನ ಮೇಲೆಯೇ ಇತಿಹಾಸ ಬಳಿದುಬಿಟ್ಟಳು. ಅಪ್ಪ ಒಂದು ಸಂಜೆ ದಣಿದು ಬಂದು, ಹಾಡು ಕೇಳೋಣವೆಂದು ತನ್ನ ಪ್ರೀತಿಯ ಕ್ಯಾಸೆಟ್ ಹಾಕಿದರೆ, ಒಳಗಿನಿಂದ ಮಗಳ ದನಿ ‘ತಾಳಿಕೋಟೆ ಕದನದ ಕಾರಣಗಳು’ ಅಂದಿತು. ಪಾಪ, ನಾಗೇಂದ್ರಪ್ಪ ಅಷ್ಟೂ ಕಾರಣ ಕೇಳಿಯೇ ಎದ್ದ.

ಹಾಗಾಗಿ ಎಡಗಿವಿಯಲ್ಲಿ ಗುಸುಗುಸು ಬಂದಾಗ, ಹಾಡೊಂದನ್ನು ಹಾಕಿ ಹೆಡ್‌ಫೋನು ಸರಿ ಇದೆಯೋ ಇಲ್ಲವೋ ನೋಡೋಣ ಎಂದರೆ ಮನೆಯಲ್ಲಿ ಒಂದೇ ಒಂದು ಹಾಡು ಉಳಿದಿರಲಿಲ್ಲ.

ರಿಪೇರಿ ಶುರುವಾಯಿತು. ಮೊದಲ ವೈದ್ಯ ಅಪ್ಪ. ‘ಪಿನ್ನಿಗೆ ಜಂಗು ಹಿಡದಿರತೈತಿ’ ಎಂದವನೇ ತುಕ್ಕು ಬಿಡಿಸಲು ಹೆಡ್‌ಫೋನಿನ ಪಿನ್ನಿಗೆ ಕೊಬ್ಬರಿ ಎಣ್ಣೆ ಸವರಿದ. ಗುಸುಗುಸು ಹೋಗಲಿಲ್ಲ, ಇದ್ದ ದನಿಯೂ ಕರಕರ ಅನ್ನತೊಡಗಿತು. ಸಂಘಮಿತ್ರಾ ಅಪ್ಪನನ್ನು ಬೈಯಲೂ ಆರದೆ ಬಿಡಲೂ ಆರದೆ ಪಿನ್ನು ಒರೆಸಿ, ವಾಕ್‌ಮನ್ನಿನ ತೂತನ್ನೂ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒರೆಸಿದಳು. ಕರಕರ ಹೋಯಿತು. ಗುಸುಗುಸು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

‘ನನ್ನ ಕಿವಿನ ಕೆಟ್ಟೈತೇನ ಸಂಘು?’ ಎಂದ ಕ್ರಾಂತಿಕುಮಾರ. ಕಣ್ಣು ಹೋಗಿ ಇಪ್ಪತ್ತು ವರ್ಷವಾಗಿತ್ತು, ಅದರ ಜೊತೆ ಬದುಕುವುದು ಕಲಿತಿದ್ದ. ಕಿವಿಯೂ ಕೈಕೊಟ್ಟರೆ ಟೆಲಿಫೋನ್ ಕುರ್ಚಿಯಲ್ಲಿ ಕೂತು ಮಾಡುವುದೇನು?

‘ತಿರುವಿ ಹಾಕ್ಕೋ’ ಎಂದಳು ತಂಗಿ. ಎಡಗಡೆಯದನ್ನು ಬಲಗಿವಿಗೆ ಹಾಕಿಕೊಂಡ. ಗುಸುಗುಸು ಬಲಗಿವಿಗೆ ಬಂತು. ಸದ್ಯ, ಕಿವಿ ಗಟ್ಟಿ ಇದೆ! ಅಂದರೆ ಕೆಟ್ಟಿರುವುದು ಹೆಡ್‌ಫೋನೇ ಎಂದು ಅಣ್ಣ ತಂಗಿ ಇಬ್ಬರೂ ತೀರ್ಪು ಕೊಟ್ಟರು. ಅಪ್ಪ ಕೊಟ್ಟೂರಿಗೆ ಹೋದವನು, ಕಿವಿಯೊಳಗೆ ಅಂಗಿಯ ಗುಂಡಿಯಂತೆ ಕೂರುವ ಹೊಸ ನಮೂನೆಯದೊಂದನ್ನು ತಂದ. ಕ್ರಾಂತಿಕುಮಾರ ಎರಡನ್ನೂ ಒಂದಾದ ಮೇಲೊಂದು ಹಾಕಿ ತೆಗೆದು ಹಾಕಿ ನೋಡಿದ. ಹಳೆಯದು ತಲೆ ಮೇಲೆ ತಗಡಿನ ಪಟ್ಟಿ, ಕಿವಿಗೆ ಸ್ಪಂಜು ಇದ್ದದ್ದು. ಅದರಲ್ಲಿ ತಂಗಿ ಕಂಬಳಿ ಹೊದ್ದು ಓದಿದಂತೆ ಕೇಳುತ್ತಿತ್ತು. ಹೊಸದರಲ್ಲಿ ಡಬ್ಬಿಯೊಳಗೆ ಕೂತು ಓದಿದಂತೆ, ಸಕಾರಕ್ಕೆಲ್ಲ ಸೀಟಿ. ಆದರೆ ಕಂಬಳಿಯೊಳಗೂ ಗುಸುಗುಸು, ಡಬ್ಬಿಯೊಳಗೂ ಗುಸುಗುಸು!

‘ಹಂಗಾದ್ರ ಓದೋ ಹೊತ್ನಾಗ ಗದ್ಲ ಆಗತೈತಿ. ಅದನ್ನ ಮಷೀನು ಹಿಡಿತೈತಿ’ ಎಂದು ಸಂಘಮಿತ್ರಾ ಹೊಸ ಕಾನೂನು ಹೊರಡಿಸಿದಳು. ತಾನು ಓದುವಾಗ ಒಲೆ ಉರಿಯಬಾರದು, ಪಕ್ಕದ ಮನೆಯ ಅಂಜಿನಕ್ಕ ಮಾತಾಡಿಸಲು ಬರಬಾರದು, ಕೋಳಿಯನ್ನು ಬುಟ್ಟಿ ಕೆಳಗೆ ಮುಚ್ಚಬೇಕು, ಒಳಗೆ ಒಂದು ನರಪಿಳ್ಳೆ ಇರಬಾರದು.

ನರಪಿಳ್ಳೆ ಅಂದರೆ ಉಳಿದದ್ದು ಅವ್ವ ಪಕ್ಕೀರಮ್ಮ ಒಬ್ಬಳೇ. ಕೂಲಿ ಕೆಲಸದಿಂದ ಬಂದು ಕೈಕಾಲು ತೊಳೆದುಕೊಂಡು, ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತ, ಟೇಪ್ ರೆಕಾರ್ಡರಿನ ಮಗ್ಗುಲಿಗೆ ಗೋಡೆಗೊರಗಿ ಕೂರುವುದು ಅವಳ ವಾಡಿಕೆ. ‘ಅವ್ವ, ಸ್ವಲ್ಪ ದಿನ ಹೊರಗ ಕುಂದ್ರು’ ಎಂದಳು ಮಗಳು. ಪಕ್ಕೀರಮ್ಮ ಯಾಕೆ, ಏನು ಅಂತ ಕೇಳಲಿಲ್ಲ. ಮೊರ ಎತ್ತಿಕೊಂಡು ಕಟ್ಟೆಗೆ ಹೋದಳು. ಕ್ರಾಂತಿಕುಮಾರನಿಗೆ ಜೋಳ ಸರಿದ ಸದ್ದು ಕೇಳಿತು, ಬಾಗಿಲು ಎಳೆದುಕೊಂಡ ಸದ್ದು ಕೇಳಿತು. ಅದರ ಬಗ್ಗೆ ಅವನು ಏನೂ ಯೋಚಿಸಲಿಲ್ಲ.

ಹೊಸ ಕ್ಯಾಸೆಟ್ಟು ಬಂತು. ಏನು ಚೆಂದ! ಗುಸುಗುಸು ಇಲ್ಲ, ಗೊರಗೊರ ಇಲ್ಲ. ತಂಗಿಯ ದನಿ ಸೋಸಿ ತೆಗೆದ ನೀರಿನ ಹಾಗೆ. ಕ್ರಾಂತಿಕುಮಾರನ ಹೊಟ್ಟೆ ತಣ್ಣಗಾಯಿತು. ಅಪ್ಪನೂ ಒಂದು ಗುಂಡಿ ಕಿವಿಗಿಟ್ಟುಕೊಂಡು ‘ರೇಡಿಯೋದಾಗ ವಾರ್ತಾ ಓದಿದಂಗ ಐತಿ ನೋಡು’ ಎಂದು ಮೆಚ್ಚಿದ.

ಆದರೆ ಬಂದ ಗ್ರಹಚಾರ ಬೇರೆ. ವಾರ ಕಳೆದರೂ ಹೊಸ ಪಾಠ ಒಂದೂ ತಲೆಯಲ್ಲಿ ನಿಲ್ಲಲೊಲ್ಲದು. ಹಳೆಯ ಪಾಠ ಕೇಳು, ಗಡಗಡ ಒಪ್ಪಿಸುತ್ತಾನೆ. ಹೊಸದನ್ನು ಕೇಳಿದರೆ ಎರಡು ಸಾಲಿಗೆ ತಡವರಿಸುತ್ತಾನೆ. ಬಹಮನಿಯವರು ಒಂದು ಕಿವಿಯಲ್ಲಿ ಬಂದು ಇನ್ನೊಂದು ಕಿವಿಯಲ್ಲಿ ಹೊರಟುಹೋಗುತ್ತಿದ್ದರು. ಪರೀಕ್ಷೆ ಎದುರಿಗೆ ನಿಂತಿತ್ತು. ಮೂರನೆಯ ಸಲವೂ ಬಿದ್ದರೆ ಅಪ್ಪ ಕಚೇರಿಯಲ್ಲಿ ಮುಖ ಎತ್ತಿ ತಿರುಗುವುದು ಹೇಗೆ ಎಂದು ನೆನೆದು ಅವನಿಗೆ ಅನ್ನ ರುಚಿಸದಾಯಿತು.

ಅಷ್ಟಾದರೂ ಅವನ ಬುದ್ಧಿ ಮತ್ತೆ ಹೋಗಿ ನಿಂತದ್ದು ಹೆಡ್‌ಫೋನಿನ ಹತ್ತಿರವೇ. ‘ಈ ಗುಂಡಿದು ದನಿ ತೆಳ್ಳಗ ಐತಿ ಸಂಘು, ಅದಕ ಮನಸಿಗೆ ಹತ್ತವಲ್ದು. ಚಲೋದೊಂದು ತಗೊಳ್ಳೋಣ ನಡಿ.’

ಬಸ್‌ಸ್ಟ್ಯಾಂಡಿನ ಹಿಂದೆ ಅರುಣಕುಮಾರನ ಸೌಂಡ್ ಸಿಸ್ಟಂ ಅಂಗಡಿ. ಮದುವೆಗೆ ಮೈಕು ಕಟ್ಟುವವನೂ ಅವನೇ, ನಾಟಕದ ಹಾಡು ರೆಕಾರ್ಡ್ ಮಾಡುವವನೂ ಅವನೇ. ಮಾತಿನ ಮನುಷ್ಯ. ಅಣ್ಣ ತಂಗಿಯನ್ನು ಬೆಂಚಿನ ಮೇಲೆ ಕೂರಿಸಿ, ಕಥೆ ಎಲ್ಲ ಕೇಳಿಸಿಕೊಂಡು, ಅವರ ಹಳೆಯ ಹೆಡ್‌ಫೋನನ್ನು ತನ್ನ ಯಂತ್ರಕ್ಕೆ ಚುಚ್ಚಿ ಹಾಡೊಂದನ್ನು ಹಾಕಿ ಕೊಟ್ಟ.

‘ಈಗೇನರ ಗುಸುಗುಸು ಐತೇನ್ರಿ?’

ಕ್ರಾಂತಿಕುಮಾರ ಉಸಿರು ಹಿಡಿದು ಕೇಳಿದ. ತಬಲಾ ಇತ್ತು, ಹಾರ್ಮೋನಿಯಂ ಇತ್ತು, ಗುಸುಗುಸು ಇರಲಿಲ್ಲ. ‘ಇಲ್ಲಲ್ರಿ!’ ಎಂದ.

‘ಅಂದ್ರ ಹೆಡ್‌ಫೋನು ಪತಿವ್ರತಿ ಐತಿ. ಸುಮ್ಸುಮ್ನ ಅದರ ಮ್ಯಾಲ ಅಪವಾದ ಹೊರಸೀರಿ ನೀವು’ ಎಂದು ಅರುಣಕುಮಾರ ನಕ್ಕ. ‘ಆ ಹಳೇ ಪಾಠದ ಕ್ಯಾಸೆಟ್ ಕೊಡ್ರಿ ಇಲ್ಲಿ. ಇದನ್ನ ಹಾಕ್ಕೊಳ್ರಿ, ನಾನು ರೆಕಾರ್ಡ್ ಮಾಡೋವಾಗ ಹಾಕ್ಕೊಳ್ಳೋದು. ಇದರಾಗ ಸೊಳ್ಳಿ ಕೆಮ್ಮಿದ್ರೂ ಕೇಳಸ್ತೈತಿ.’

ದಪ್ಪ ಗಾದಿಯ ದೊಡ್ಡ ಹೆಡ್‌ಫೋನು ಕಿವಿಯನ್ನು ಪೂರಾ ಮುಚ್ಚಿತು. ಬಸ್‌ಸ್ಟ್ಯಾಂಡಿನ ಗದ್ದಲ ದೂರ ಸರಿಯಿತು. ತಂಗಿಯ ದನಿ ಬಂತು, ಅವಳು ಹಾಳೆ ತಿರುವಿದ್ದು, ಎಂಜಲು ನುಂಗಿದ್ದು ಎಲ್ಲ ಕೇಳಿತು. ‘ವಿಜಯನಗರದ ಅರಸರು ತುಂಗಭದ್ರೆಗೆ ಕಟ್ಟೆಗಳನ್ನು ಕಟ್ಟಿಸಿದರು.’ ಅಲ್ಲಿಗೆ ನಿಲ್ಲಿಸಿದಳು. ಆ ನಿಂತ ಜಾಗದಲ್ಲಿ, ಎಡಗಡೆಯಿಂದ, ಜೋಳ ಸರಿದಾಡುವ ಸದ್ದಿನ ಹಿಂದೆ, ಸಣ್ಣ ದನಿಯೊಂದು ಹೇಳಿತು:

‘ಹೊಳಿಗೆ ಕಟ್ಟಿ ಕಟ್ಟಿಸಿದ್ರು.’

ಮತ್ತೆ ತಂಗಿ: ‘ಅಲ್ಲಿಂದ ಹೊಲಗಳಿಗೆ ಕಾಲುವೆಗಳನ್ನು ತೆಗೆಸಿದರು.’

‘ಹೊಲಕ್ಕ ಕಾಲುವಿ ತೆಗಿಸಿದ್ರು… ತೆಗಿಸಿದ್ರು ಸರಿ, ಅಗದವರು ಯಾರಂತ? ಅವರ ಹೆಸರು ಇಲ್ಲೇನು?’

ಕ್ರಾಂತಿಕುಮಾರ ಗುರುತು ಹಿಡಿದ. ಅವ್ವ! ಇಷ್ಟು ದಿನ ಕೆಟ್ಟ ತಂತಿ, ಜಂಗು ಹಿಡಿದ ಪಿನ್ನು ಅಂತ ಅವನು ಶಾಪ ಹಾಕಿದ್ದು ಹೆತ್ತವ್ವನ ದನಿಗೆ. ಒಂದೊಂದು ಸಾಲನ್ನೂ ಅವಳು ಮಗಳ ಹಿಂದೆ ಅನ್ನುತ್ತಿದ್ದಳು. ಬಾರದ ಮಾತನ್ನು ತನ್ನ ಮಾತಿಗೆ ತಿರುವಿಕೊಳ್ಳುತ್ತಿದ್ದಳು. ‘ಸಾಮಂತ’ ಬಂದರೆ ‘ಕೈಕೆಳಗಿನ ಗೌಡ’ ಅನ್ನುತ್ತಿದ್ದಳು, ‘ಕಪ್ಪಕಾಣಿಕೆ’ ಬಂದರೆ ‘ಕಂದಾಯ, ಮತ್ತೇನು’ ಅನ್ನುತ್ತಿದ್ದಳು.

ಅವನು ಹೆಡ್‌ಫೋನನ್ನು ತೆಗೆದು ತಂಗಿಯ ಕೈಗಿತ್ತ. ಅವಳು ಕಿವಿಗಿಟ್ಟುಕೊಂಡವಳು ಕಕ್ಕಾಬಿಕ್ಕಿಯಾದಳು. ‘ಆಕಿ ಏನೋ ಗೊಣಗತಿದ್ಲಣ್ಣ. ಅಷ್ಟು ಸಣ್ಣ ದನಿ ಮಷೀನಿಗೆ ಕೇಳಸ್ತೈತಿ ಅಂತ ನನಗೇನು ಗೊತ್ತು? ಆಕಿ ತುಟಿ ನಿಂತ ಮ್ಯಾಲ ನಾನು ಮುಂದಿನ ಸಾಲು ಓದತಿದ್ದೆ. ಹಂಗ ರೂಢಿ ಆಗಿಬಿಟ್ಟಿತ್ತು.’

‘ಹೊಸಾ ಕ್ಯಾಸೆಟ್ ಹಾಕ್ರಿ’ ಎಂದ ಕ್ರಾಂತಿಕುಮಾರ. ಅದೇ ಹೆಡ್‌ಫೋನಿನಲ್ಲಿ ಹೊಸ ಪಾಠ ಬಂತು. ಸ್ವಚ್ಛ ಅಂದರೆ ಸ್ವಚ್ಛ. ಈಗ ಯಾರಿಗಾಗಿಯೂ ಕಾಯಬೇಕಿಲ್ಲವಾದ್ದರಿಂದ ಸಂಘಮಿತ್ರಾ ಹಿಂದೆ ಮುಂದೆ ನೋಡದೆ ಓಡಿದ್ದಳು. ಸಾಲಿಗೂ ಸಾಲಿಗೂ ನಡುವೆ ಉಸಿರಾಡಲು ತೆರಪಿರಲಿಲ್ಲ. ಒಂದು ಸಾಲು ತಲೆಯಲ್ಲಿ ಕೂರುವ ಮೊದಲೇ ಇನ್ನೊಂದು ಬಂದು ಅದನ್ನು ಎಬ್ಬಿಸುತ್ತಿತ್ತು. ಹಳೆಯ ಪಾಠ ಯಾಕೆ ನಿಂತಿತ್ತು, ಹೊಸದು ಯಾಕೆ ನಿಲ್ಲುತ್ತಿಲ್ಲ ಎನ್ನುವುದು ಅವನಿಗೆ ಆಗ ಹೊಳೆಯಿತು.

ಅರುಣಕುಮಾರ ಎರಡನ್ನೂ ಕೇಳಿ ನೋಡಿ, ಮಾರಲೆಂದು ತೆಗೆದಿಟ್ಟಿದ್ದ ಹೊಸ ಹೆಡ್‌ಫೋನಿನ ಡಬ್ಬಿಯನ್ನು ತಾನೇ ಮತ್ತೆ ಕಪಾಟಿಗೆ ಸೇರಿಸಿದ. ‘ನಿಮಗ ಇದು ಬೇಕಾಗಿಲ್ರಿ. ಮನಿಗೆ ಹೋಗಿ ಆಯಮ್ಮನ್ನ ಒಳಗ ಕರಕೊಳ್ರಿ’ ಎಂದ.

ಮನೆಗೆ ಬಂದಾಗ ಪಕ್ಕೀರಮ್ಮ ಕಟ್ಟೆಯ ಮೇಲೇ ಇದ್ದಳು. ಸಂಘಮಿತ್ರಾ ಬಾಯಿ ತಡೆಯದೆ ಎಲ್ಲ ಹೇಳಿಬಿಟ್ಟಳು. ಪಕ್ಕೀರಮ್ಮ ಹೌಹಾರಿದಳು. ‘ಅಯ್ಯ ನನ ಶಿವನ! ನನ್ನ ದನಿ ಕುಂತೈತೇನು ಅದರಾಗ? ಅಳಿಸಲೇ ಸಂಘಿ, ಮೊದ್ಲು ಅಳಿಸು. ಹುಡುಗನ ಪರೀಕ್ಷಿ ಹಾಳು ಮಾಡಿದ್ನಲ್ಲೋ ಯಪ್ಪಾ!’

‘ಯಾಕ ಅನತಿದ್ದೆವ್ವ ನೀನು?’ ಎಂದು ಮಗ ಕೇಳಿದ.

‘ಸುಮ್ನ’ ಎಂದಳು ಮೊದಲು. ಆಮೇಲೆ, ‘ಸಣ್ಣಾಕಿ ಇದ್ದಾಗ ಸಾಲಿ ಹಿಂದ ಗೌಡರ ಎಮ್ಮಿ ಕಾಯತಿದ್ದೆ. ಒಳಗ ಹುಡುಗ್ರು ಅನ್ನೋದನ್ನ ಕಿಟಕಿ ಕೆಳಗ ನಿಂತು ನಾನೂ ಅನತಿದ್ದೆ. ಗದ್ಲ ಆಗತೈತಿ ಅಂತ ಮಾಸ್ತರ್ರು ಹೊರಗ ಅಟ್ಟಿದ್ರು. ಬಾಯಿ ಚಟ, ಬಿಡು’ ಎಂದಳು.

ಗದ್ದಲ ಆಗತೈತಿ ಅಂತ ತಂಗಿಯ ಜೊತೆ ಸೇರಿ ಕ್ರಾಂತಿಕುಮಾರ ತಾನೂ ಅಟ್ಟಿದ್ದ. ಮಾಸ್ತರರಿಗಾದರೂ ಅವಳು ಯಾರೋ ಎಮ್ಮೆ ಕಾಯುವ ಹುಡುಗಿ. ಇವನಿಗೆ ಅವ್ವ. ತಡಕಾಡಿ ಅವಳ ಕೈ ಹಿಡಿದುಕೊಂಡ.

‘ತಪ್ಪಾತವ್ವ. ನೀನು ಅಂದದ್ದಕ್ಕ ನನಗ ಪಾಠ ಬಂದಾವು. ಒಳಗ ಬಾ. ನೀನು ಅನ್ಲಿಲ್ಲಂದ್ರ ನಾನು ಈ ಸಲಾನೂ ಫೇಲ.’

ಒಳಗೇನೋ ಬಂದಳು. ಆದರೆ ‘ಗಟ್ಟಿಯಾಗಿ ಅನ್ನು’ ಎಂದರೆ ಅನ್ನುತ್ತಾಳೆಯೇ? ಮಷೀನಿನ ಕೆಂಪು ದೀಪ ಹತ್ತಿದ್ದೇ ತಡ, ತುಟಿ ಹೊಲಿದವಳಂತೆ ಕೂತಳು. ಸಂಘಮಿತ್ರಾ ಕಾದಳು, ಅಪ್ಪ ಬಾಗಿಲಲ್ಲಿ ನಿಂತು ‘ಅನ್ನು, ಅನ್ನು’ ಎಂದು ಕೈಸನ್ನೆ ಮಾಡಿದ, ಅವಳು ಸೆರಗು ಬಾಯಿಗೊತ್ತಿ ನಕ್ಕಳು. ಕೊನೆಗೆ ಕ್ರಾಂತಿಕುಮಾರನೇ ಉಪಾಯ ಹೇಳಿದ: ‘ಆಕಿ ಕೈಗೆ ಜ್ವಾಳದ ಮರ ಕೊಡ್ರಿ.’ ಮೊರ ಕೈಗೆ ಬಂತು, ಕಲ್ಲು ಹೆಕ್ಕುತ್ತ ಹೆಕ್ಕುತ್ತ ಅವಳಿಗೆ ಮಷೀನು ಮರೆತುಹೋಯಿತು, ನಾಲ್ಕನೆಯ ಸಾಲಿಗೆ ಗುಸುಗುಸು ಶುರುವಾಯಿತು. ಬಹಮನಿಯವರ ಪಾಠವನ್ನು ಮೊದಲಿನಿಂದ ಮತ್ತೆ ತುಂಬಿದರು. ತಂಗಿಯ ಕಾನೂನೆಲ್ಲ ರದ್ದಾಯಿತು. ಕೋಳಿಯೂ ಬುಟ್ಟಿಯಿಂದ ಹೊರಗೆ ಬಂತು.

ಪರೀಕ್ಷೆಯ ದಿನ ಅವನು ಹೇಳಿದ್ದನ್ನು ಬರೆಯಲು ಪುಷ್ಪಲತಾ ಎಂಬ ಹುಡುಗಿಯನ್ನು ಕಾಲೇಜಿನವರು ಕೊಟ್ಟಿದ್ದರು. ವಿಜಯನಗರದ ಕಾಲದ ನೀರಾವರಿಯ ಬಗ್ಗೆ ಬರೆಯಿರಿ ಎಂಬ ಪ್ರಶ್ನೆ ಓದಿದಳು. ಕಿವಿಯಲ್ಲಿ ಏನೂ ಇರಲಿಲ್ಲ, ಪರೀಕ್ಷೆಯ ಕೋಣೆಯ ತುಂಬ ಪೆನ್ನುಗಳ ಸದ್ದು. ಕ್ರಾಂತಿಕುಮಾರನಿಗೆ ಒಂದು ಗಳಿಗೆ ಎಲ್ಲ ಖಾಲಿಯಾದಂತಾಯಿತು. ತಂಗಿಯ ದನಿಗಾಗಿ ಕಾದ, ಅದು ಬರಲಿಲ್ಲ. ಬಂದದ್ದು ಅವ್ವನದು. ಹೊಳಿಗೆ ಕಟ್ಟಿ ಕಟ್ಟಿಸಿದ್ರು. ಹೊಲಕ್ಕ ಕಾಲುವಿ ತೆಗಿಸಿದ್ರು. ಒಂದೊಂದನ್ನೇ ಪುಸ್ತಕದ ಮಾತಿಗೆ ತಿರುವುತ್ತ ಹೇಳುತ್ತ ಹೋದ. ‘ಈ ಕಾಲುವೆಗಳನ್ನು ಅಗೆದ ಸಾವಿರಾರು ಕೂಲಿಗಳ ಹೆಸರು ಉಳಿದಿಲ್ಲ’ ಎಂದಾಗ ಪುಷ್ಪಲತಾ ಪೆನ್ನು ನಿಲ್ಲಿಸಿದಳು.

‘ಇದು ಪುಸ್ತಕದಾಗ ಐತೇನ್ರಿ?’ ಎಂದು ಪಿಸುಗುಟ್ಟಿದಳು.

‘ನಮ್ಮ ಕ್ಯಾಸೆಟ್ಟಿನಾಗ ಐತಿ. ಬರೀರಿ’ ಎಂದ.

ಫಲಿತಾಂಶದ ದಿನ ನಾಗೇಂದ್ರಪ್ಪ ಕಾಲೇಜಿನ ಬೋರ್ಡು ನೋಡಿಕೊಂಡು ಸೈಕಲ್ ತುಳಿದು ಬಂದ. ಓಣಿಯ ತುದಿಯಿಂದಲೇ ಬೆಲ್ಲು ಬಾರಿಸುತ್ತ ಬಂದದ್ದರಿಂದ ಕ್ರಾಂತಿಕುಮಾರನಿಗೆ ಮಾತಿಗೆ ಮೊದಲೇ ಗೊತ್ತಾಯಿತು. ‘ಪಾಸಾತಲೇ! ಚಲೋ ನಂಬರಿನ್ಯಾಗ ಪಾಸಾತು!’ ಅಂಜಿನಕ್ಕ ಸಕ್ಕರೆ ಹಿಡಿದು ಓಡಿ ಬಂದಳು. ಸಂಘಮಿತ್ರಾ ಅಣ್ಣನ ಬೆನ್ನಿಗೆ ಗುದ್ದಿದಳು. ಅಪ್ಪ ಬಳ್ಳಾರಿಗೆ ಹೋಗುವ ಮಾತು, ಅರ್ಜಿಯ ಮಾತು, ಅಲ್ಲಿ ಬಾಡಿಗೆ ಕೋಣೆಯ ಮಾತು ಒಂದೇ ಉಸಿರಿಗೆ ಆಡಿದ. ಪಕ್ಕೀರಮ್ಮ ಮಗನ ಗಲ್ಲ ಸವರಿ ಲಟಿಕೆ ಮುರಿದಳು. ಅತ್ತಳು, ನಕ್ಕಳು, ಮತ್ತೆ ಅತ್ತಳು.

ಗದ್ದಲ ಇಳಿದ ಮೇಲೆ ಅವಳು ಮಗಳನ್ನು ಮೆಲ್ಲಗೆ ಕೇಳಿದ್ದು ಕ್ರಾಂತಿಕುಮಾರನ ಕಿವಿಗೆ ಬಿತ್ತು.

‘ಹಂಗಾದ್ರ ಇನ್ನ ಓದಂಗಿಲ್ಲೇನು ಸಂಘಿ?’

‘ಪಾಸಾದ ಮ್ಯಾಲ ಇನ್ನ ಯಾಕ ಓದಬೇಕು?’ ಎಂದು ಅಪ್ಪ ನಕ್ಕುಬಿಟ್ಟ.

‘ಹೌದ್ಹೌದು. ನಾನು ಸುಮ್ನ ಕೇಳಿದೆ’ ಎಂದಳು ಪಕ್ಕೀರಮ್ಮ. ಒಲೆಯ ಕಡೆ ಹೋದಳು.

ಬಾಯಲ್ಲಿದ್ದ ಸಕ್ಕರೆ ಕ್ರಾಂತಿಕುಮಾರನಿಗೆ ಸಪ್ಪಗಾಯಿತು. ಇಷ್ಟೂ ತಿಂಗಳು ಅವನು ಯಾವಾಗ ಮುಗಿಯುತ್ತದೋ ಎಂದು ಬೇಡಿಕೊಂಡಿದ್ದ, ಮುಗಿಯದಿರಲಿ ಎಂದು ಬೇಡಿಕೊಂಡವಳೊಬ್ಬಳು ಅದೇ ಚಾಪೆಯ ಮೇಲೆ ಕೂತಿದ್ದಳು. ಅವನು ಪಾಸಾದದ್ದಕ್ಕೆ ಅವಳ ಸಾಲಿ ಮುಚ್ಚಿತ್ತು.

‘ಸಂಘು, ಇತಿಹಾಸದ ಪುಸ್ತಕ ಯಾರಿಗರ ಕೊಟ್ಟಿಯೇನು?’

‘ಇಲ್ಲ, ಇಲ್ಲೇ ಐತಿ. ಯಾಕಣ್ಣ?’

‘ತಗಿ. ಒಂದನೇ ಪಾಠದಿಂದ ಓದು. ಅದನ್ನ ತುಂಬೋವಾಗ ಅವ್ವ ಹತ್ತಿ ಬಿಡಸಾಕ ಹೋಗತಿದ್ಲು, ಕೇಳಿಲ್ಲ.’

‘ಈಗ ಓದಿ ಏನು ಮಾಡೋದೋ? ನಿಂದು ಮುಗೀತಲ್ಲ!’

‘ನಂದು ಮುಗೀತು. ಅವ್ವಂದು ಮುಗಿದಿಲ್ಲ’ ಎಂದ ಕ್ರಾಂತಿಕುಮಾರ.

ಒಲೆಯ ಹತ್ತಿರ ಸದ್ದು ನಿಂತಿತು. ಪಕ್ಕೀರಮ್ಮ ಕೈ ಒರೆಸಿಕೊಂಡು ಬಂದು ಚಾಪೆಯ ಮೇಲೆ ಕೂತಳು. ಮಷೀನು ಹಚ್ಚಲಿಲ್ಲ, ಕ್ಯಾಸೆಟ್ಟು ಹಾಕಲಿಲ್ಲ. ಸಂಘಮಿತ್ರಾ ಪುಸ್ತಕ ತೆರೆದು ಮೊದಲ ಸಾಲು ಓದಿದಳು.

‘ತಡಿಯಲೇ, ಏನವಸರ ನಿನಗ?’ ಎಂದು ಪಕ್ಕೀರಮ್ಮ ಓಣಿಗೆಲ್ಲ ಕೇಳುವಂತೆ ಗದರಿದಳು. ‘ಇನ್ನೊಂದ್ಸಲ ಓದು. ನನಗ ತಿಳೀಲಿಲ್ಲ.’